ಡಿಫೆಂಡರ್ ಕೋಚ್ ಆದಾಗ: ನಡುವಿನ ವರ್ಷಗಳ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೆ,

ಡಿಫೆಂಡರ್ ಆಗಿದ್ದವರೊಬ್ಬರು ದೊಡ್ಡ ಫುಟ್‌ಬಾಲ್ ಕ್ಲಬ್ಬಿಗೆ ಕೋಚ್ ಆದರೆಂದರೆ ಕ್ರೀಡಾಪುಟಗಳಲ್ಲಿ ಬರುವ ಸುದ್ದಿಗೆ ಒಂದು ಸಿದ್ಧ ಅಚ್ಚಿದೆ. ಎಷ್ಟು ಪಂದ್ಯ ಆಡಿದರು, ಯಾವ ಕಪ್ ಗೆದ್ದರು ಎಂಬ ಎರಡು ಸಾಲು, ಕೊನೆಗೆ ‘ಇನ್ನು ತಂಡ ರಕ್ಷಣೆಗೆ ಹೆಚ್ಚು ಒತ್ತು ಕೊಡಲಿದೆ’ ಎಂಬ ಊಹೆ. ಅದೇ ಕೋಚ್ ಆರು ತಿಂಗಳಲ್ಲಿ ಕೆಲಸ ಕಳೆದುಕೊಂಡರೆ ‘ದೊಡ್ಡ ಆಟಗಾರ ದೊಡ್ಡ ಕೋಚ್ ಆಗಬೇಕೆಂದಿಲ್ಲ’ ಎಂಬ ಇನ್ನೊಂದು ಸಾಲು. ಕೊನೆಯ ಪಂದ್ಯ ಆಡಿ ಬೂಟು ಬಿಚ್ಚಿದ ದಿನಕ್ಕೂ ಮುಖ್ಯ ತಂಡದ ಹೊಣೆ ಹೊತ್ತ ದಿನಕ್ಕೂ ನಡುವೆ ಕೆಲವು ವರ್ಷಗಳಿರುತ್ತವೆ. ಆ ವರ್ಷಗಳಲ್ಲಿ ಆತ ಏನು ಕಲಿತ, ಹಳೆಯದರಲ್ಲಿ ಏನನ್ನು ಬಿಟ್ಟ ಎಂಬುದರ ಮೇಲೆಯೇ ಎರಡನೆಯ ವೃತ್ತಿ ನಿಂತಿರುತ್ತದೆ. ಅದನ್ನು ಬರೆಯಿರಿ ಎಂದು ಕೇಳುವುದಕ್ಕಾಗಿ ಈ ಪತ್ರ.

ಮೊದಲು ಆ ಊಹೆಯ ವಿಷಯ. ರೊನಾಲ್ಡ್ ಕೂಮನ್ ಡಿಫೆಂಡರ್. ಆದರೂ ವೃತ್ತಿಜೀವನದಲ್ಲಿ 200ಕ್ಕೂ ಹೆಚ್ಚು ಗೋಲು ಹೊಡೆದವರು. 1992ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಸಂಪ್ಡೋರಿಯಾ ವಿರುದ್ಧ ಬಾರ್ಸಿಲೋನಾ ಗೆದ್ದದ್ದು ಹೆಚ್ಚುವರಿ ಸಮಯದಲ್ಲಿ ಅವರು ಹೊಡೆದ ಫ್ರೀಕಿಕ್‌ನಿಂದ. ಮೌರಿಸಿಯೊ ಪೊಚೆಟಿನೊ ಸೆಂಟರ್ ಬ್ಯಾಕ್, ಅಂದರೆ ನಡುವಿನ ಡಿಫೆಂಡರ್ ಆಗಿದ್ದವರು. ಅವರ ಕೈಕೆಳಗೆ ಟಾಟನ್‌ಹ್ಯಾಮ್ 2016-17ರ ಪ್ರೀಮಿಯರ್ ಲೀಗ್‌ನ 38 ಪಂದ್ಯಗಳಲ್ಲಿ 86 ಗೋಲು ಹೊಡೆದು 26 ಮಾತ್ರ ಬಿಟ್ಟುಕೊಟ್ಟಿತು. ಆ ಸಲ ಅತಿ ಹೆಚ್ಚು ಗೋಲು ಹೊಡೆದ ತಂಡವೂ ಅದೇ, ಅತಿ ಕಡಿಮೆ ಬಿಟ್ಟ ತಂಡವೂ ಅದೇ. ಪ್ರಶಸ್ತಿ ಸಿಗದೆ ಎರಡನೆಯ ಸ್ಥಾನದಲ್ಲಿ ನಿಂತಿತು, ಅದು ಬೇರೆ ಮಾತು. ಅವರಂತೆಯೇ ಸೆಂಟರ್ ಬ್ಯಾಕ್ ಆಗಿದ್ದ ವಿನ್ಸೆಂಟ್ ಕೊಂಪನಿಯ ಬಯರ್ನ್ ಮ್ಯೂನಿಕ್ ಡಿಫೆಂಡರ್‌ಗಳನ್ನು ಮಧ್ಯಗೆರೆಯವರೆಗೆ ತಂದು ನಿಲ್ಲಿಸಿ ಆಡುತ್ತದೆ. ಇವರಲ್ಲಿ ಯಾರನ್ನು ತೋರಿಸಿ ‘ರಕ್ಷಣೆಗೆ ಒತ್ತು’ ಎಂದು ಬರೆಯುವುದು? ಹಿಂದೆ ನಿಂತು ಆಡಿದವನಿಗೆ ಹಿಂದೆ ಸರಿದು ಆಡುವುದೇ ಇಷ್ಟ ಎಂದುಕೊಳ್ಳುವುದು ತಪ್ಪು.

ಹಿಂದಿನ ಸಾಲಿನವನ ಕೈಯಲ್ಲಿ ನಿಜವಾಗಿ ಇರುವ ಬಂಡವಾಳ ಎರಡು. ಒಂದು, ನೋಟ. ಸ್ಟ್ರೈಕರ್ ಗೋಲಿಗೆ ಬೆನ್ನು ಮಾಡಿ ಚೆಂಡು ಹಿಡಿಯುತ್ತಾನೆ, ಮಿಡ್‌ಫೀಲ್ಡರ್‌ಗೆ ಸುತ್ತಲೂ ಆಟ. ಸೆಂಟರ್ ಬ್ಯಾಕ್‌ಗೆ ಮಾತ್ರ ತೊಂಬತ್ತು ನಿಮಿಷವೂ ಬಹುಪಾಲು ಆಟ ಕಣ್ಣ ಮುಂದೆಯೇ ನಡೆಯುತ್ತದೆ. ಇನ್ನೊಂದು, ದನಿ. ‘ಹೊರಗೆ’, ‘ಬಿಡು’, ‘ಎಡಕ್ಕೆ’, ‘ಮೇಲೆ ಬಾ’ ಎಂದು ಒಂದೊಂದೇ ಪದದಲ್ಲಿ ಮುಂದಿನವರನ್ನು ನಡೆಸುತ್ತಾ ಹತ್ತು ಹದಿನೈದು ವರ್ಷ ಕಳೆದಿರುತ್ತಾನೆ. ಕೋಚ್ ಕೆಲಸದ ಅರ್ಧ ಇಲ್ಲಿಯೇ ಕಲಿತಂತೆ ಕಾಣುತ್ತದೆ. ಆದರೆ ತೊಡಕು ಹುಟ್ಟುವುದೂ ಇಲ್ಲಿಂದಲೇ.

ಒಂದು ಕ್ಷಣವನ್ನು ಹತ್ತಿರದಿಂದ ನೋಡೋಣ. ಎದುರಾಳಿ ಫುಲ್ ಬ್ಯಾಕ್ (ಬದಿಯ ಡಿಫೆಂಡರ್) ಟಚ್‌ಲೈನ್ (ಮೈದಾನದ ಬದಿಗೆರೆ) ಪಕ್ಕ ಚೆಂಡು ಹಿಡಿದಿದ್ದಾನೆ. ಮುಂದೆ ದಾರಿ ಇಲ್ಲ. ತಿರುಗಿ, ಹದಿನೈದು ಮೀಟರ್ ಹಿಂದಿರುವ ತನ್ನ ಸೆಂಟರ್ ಬ್ಯಾಕ್‌ಗೆ ಪಾಸ್ ಕೊಡುತ್ತಾನೆ. ಚೆಂಡು ಉರುಳುವ ಆ ಒಂದೆರಡು ಸೆಕೆಂಡಿನಲ್ಲಿ ಅದನ್ನು ಯಾರೂ ಮುಂದಕ್ಕೆ ಹೊಡೆಯಲಾರರು. ನಮ್ಮ ನಾಲ್ವರು ಡಿಫೆಂಡರ್‌ಗಳು ಮೇಲೆ, ಅಂದರೆ ಎದುರಾಳಿಯ ಗೋಲಿನ ಕಡೆಗೆ, ಬರಬೇಕಾದದ್ದು ಆಗಲೇ, ಐದಾರು ಮೀಟರ್, ಒಂದೇ ಸಲಕ್ಕೆ. ಚೆಂಡು ಎದುರಾಳಿಯ ಕಾಲಿಗೆ ತಲುಪುವ ಹೊತ್ತಿಗೆ ನಾಲ್ವರೂ ನಿಂತಿರಬೇಕು, ಮೈ ಅರ್ಧ ವಾರೆಯಾಗಿ ತಿರುಗಿರಬೇಕು, ಒಂದು ಕಾಲು ಹಿಂದಿರಬೇಕು. ಯಾಕೆಂದರೆ ಮುಂದಿನ ಕ್ಷಣ ಉದ್ದನೆಯ ಚೆಂಡು ಬಂದರೆ ಹಿಂದಕ್ಕೆ ಓಡಬೇಕು. ಎದೆ ನೆಟ್ಟಗೆ ಮುಂದಕ್ಕಿದ್ದರೆ ತಿರುಗುವುದರಲ್ಲೇ ಒಂದು ಹೆಜ್ಜೆ ಹೋಗುತ್ತದೆ, ಆ ಒಂದು ಹೆಜ್ಜೆಯಲ್ಲಿ ಸ್ಟ್ರೈಕರ್ ದಾಟಿಬಿಡುತ್ತಾನೆ. ಮೂವರು ಮೇಲೆ ಬಂದು ದೂರದ ಫುಲ್ ಬ್ಯಾಕ್ ಒಬ್ಬನೇ ಎರಡು ಮೀಟರ್ ಹಿಂದೆ ಉಳಿದರೆ ಉಳಿದ ಮೂವರ ಕೆಲಸ ಪೂರ್ತಿ ವ್ಯರ್ಥ. ಎದುರಾಳಿ ಅವನ ಸಮಕ್ಕಿದ್ದರೂ ಸಾಕು, ಆಫ್‌ಸೈಡ್ (ಪಾಸ್ ಹೊರಟಾಗ ಡಿಫೆಂಡರ್‌ಗಳ ಸಾಲು ದಾಟಿ ನಿಂತಿರುವ ತಪ್ಪು) ಆಗುವುದಿಲ್ಲ. ಸಮಕ್ಕಿದ್ದರೆ ಆಫ್‌ಸೈಡ್ ಅಲ್ಲ ಎಂಬ ನಿಯಮ ಬಂದದ್ದು 1990ರಲ್ಲಿ.

ನುರಿತ ಸೆಂಟರ್ ಬ್ಯಾಕ್ ಇದನ್ನೆಲ್ಲ ಯೋಚಿಸಿ ಮಾಡುವುದಿಲ್ಲ. ಪಾಸ್ ಕೊಡುವವನ ಭುಜ ತಿರುಗಿದ್ದನ್ನು ನೋಡಿಯೇ ಅವನ ಕಾಲು ಮುಂದೆ ಹೋಗಿರುತ್ತದೆ. ಕೋಚ್ ಆದ ಮೇಲೆ ಆ ಭುಜದಿಂದ ಹಿಡಿದು ಹಿಂದಿನ ಕಾಲಿನವರೆಗೆ ಎಲ್ಲವನ್ನೂ ಬಿಡಿಸಿ, ಯಾವುದನ್ನು ನೋಡಿದರೆ ಹೊರಡಬೇಕು, ಎಷ್ಟು ದೂರ, ಎಲ್ಲಿ ನಿಲ್ಲಬೇಕು ಎಂದು ಹತ್ತೊಂಬತ್ತರ ಹುಡುಗನಿಗೆ ಹೇಳಬೇಕು. ತನ್ನ ಕಾಲಿಗೆ ಗೊತ್ತಿದ್ದದ್ದನ್ನು ಬಾಯಿಗೆ ತರುವ ಈ ಕೆಲಸಕ್ಕೆ ವರ್ಷಗಳು ಬೇಕು. ತರಬೇತಿಯಲ್ಲಿ ಆಗುವ ಮೊದಲ ತಪ್ಪೂ ಇದೇ ಜಾಗದಲ್ಲಿ: ಹೇಳಲು ಬಾರದಿದ್ದಾಗ ಮಾಜಿ ಡಿಫೆಂಡರ್ ತಾನೇ ಮೈದಾನಕ್ಕಿಳಿದು ಮಾಡಿ ತೋರಿಸುತ್ತಾನೆ. ಮೂವತ್ತೆಂಟರಲ್ಲೂ ಅವನು ಅಲ್ಲಿರುವ ಎಲ್ಲರಿಗಿಂತ ಚೆನ್ನಾಗಿಯೇ ಮಾಡುತ್ತಾನೆ. ಆದರೆ ಹುಡುಗರು ಕಲಿಯುವುದು ಅವನ ಮೈಯ ಚಲನೆ. ಅವನಿಗಿಂತ ಗಿಡ್ಡವಾದ, ಆದರೆ ಚುರುಕಾದ ಹುಡುಗ ಅದನ್ನೇ ಅನುಕರಿಸಿದರೆ ತನ್ನ ಓಟದ ಬಲವನ್ನು ಬಿಟ್ಟುಕೊಟ್ಟು, ತನಗಿಲ್ಲದ ಎತ್ತರದ ಆಟ ಆಡಿದಂತಾಗುತ್ತದೆ.

ಎರಡನೆಯ ತಪ್ಪು ದನಿಯದು. ಮೈದಾನದ ಅಗಲ 68 ಮೀಟರ್. ಟಚ್‌ಲೈನ್‌ನಲ್ಲಿ ನಿಂತ ಕೋಚ್‌ಗೆ ಆಚೆ ಬದಿಯ ಫುಲ್ ಬ್ಯಾಕ್ ಅರುವತ್ತು ಮೀಟರ್ ದೂರ. ತುಂಬಿದ ಕ್ರೀಡಾಂಗಣದ ಗದ್ದಲದಲ್ಲಿ ಅವನಿಗೆ ಕೂಗು ಮುಟ್ಟುವುದೇ ಇಲ್ಲ. ಆಡುವಾಗ ಹತ್ತು ಮೀಟರ್ ಒಳಗಿದ್ದವರನ್ನು ದನಿಯಿಂದ ನಡೆಸಿದವನು, ತರಬೇತಿಯಲ್ಲೂ ಪ್ರತಿ ಹೆಜ್ಜೆಗೂ ಕೂಗಿ ಹೇಳುವ ಅಭ್ಯಾಸ ಮುಂದುವರಿಸಿದರೆ ಆಟಗಾರರು ಆ ಕೂಗಿಗೇ ಕಾಯುವುದನ್ನು ಕಲಿಯುತ್ತಾರೆ. ಪಂದ್ಯದ ದಿನ ಕೂಗು ಬರುವುದಿಲ್ಲ, ಸಾಲೂ ಮೇಲೆ ಬರುವುದಿಲ್ಲ. ಹಾಗಾಗಿ ಅನುಭವಿ ಕೋಚ್ ತರಬೇತಿಯಲ್ಲಿ ಬೇಕೆಂದೇ ಬಾಯಿ ಮುಚ್ಚಿ, ಸೆಂಟರ್ ಬ್ಯಾಕ್ ಒಬ್ಬನಿಗೆ ಕರೆ ಕೊಡುವ ಕೆಲಸ ಒಪ್ಪಿಸುತ್ತಾನೆ.

ನೋಟವೂ ಬದಲಾಗುತ್ತದೆ. ಹಿಂದಿನಿಂದ ನೋಡಿದವನಿಗೆ ಅಗಲ ಸ್ಪಷ್ಟ: ಎಡಕ್ಕೆ ಯಾರು ಖಾಲಿ ಇದ್ದಾರೆ, ಇಬ್ಬರು ಸೆಂಟರ್ ಬ್ಯಾಕ್‌ಗಳ ನಡುವೆ ಎಷ್ಟು ಸಂದು ಬಿದ್ದಿದೆ. ಟಚ್‌ಲೈನ್‌ನಿಂದ ನೋಡಿದಾಗ ಸಾಲುಗಳ ನಡುವಿನ ಉದ್ದ ಕಾಣುತ್ತದೆ, ಅಗಲ ಮಡಚಿಹೋಗುತ್ತದೆ. ಹಿಂದಿನ ಸಾಲಿಗೂ ಮುಂದಿನ ಸ್ಟ್ರೈಕರ್‌ಗೂ ಮೂವತ್ತು ಮೀಟರ್ ಆಸುಪಾಸು ಇರಬೇಕೆಂಬ ಲೆಕ್ಕ ಬದಿಯಿಂದ ಸಲೀಸಾಗಿ ಸಿಗುತ್ತದೆ. ಆದರೆ ಆಚೆ ಬದಿಯ ಫುಲ್ ಬ್ಯಾಕ್ ಒಳಗೆ ಸರಿದಿದ್ದಾನೋ ಇಲ್ಲವೋ ಅಂದಾಜಿಗೆ ಬಾರದು. ಸಹಾಯಕ ಕೋಚ್‌ಗಳಲ್ಲಿ ಒಬ್ಬರನ್ನು ಗ್ಯಾಲರಿಯ ಎತ್ತರದಲ್ಲಿ ಕೂರಿಸುವುದು ಇದಕ್ಕೇ. ಮೊದಲ ವರ್ಷ ತನ್ನ ಕಣ್ಣನ್ನೇ ನಂಬಿ ಮೇಲಿನವರ ಮಾತು ಕೇಳದ ಮಾಜಿ ಡಿಫೆಂಡರ್‌ಗೆ, ವಿಡಿಯೊ ನೋಡಿದಾಗಲೇ ತಾನು ಅರ್ಧ ಪಂದ್ಯ ಕಂಡಿರಲಿಲ್ಲ ಎಂಬುದು ತಿಳಿಯುವುದು.

ಹಿಂದಿನ ಸಾಲನ್ನು ಕಟ್ಟುವ ಅಭ್ಯಾಸ ಹೇಗೆ ನಡೆಯುತ್ತದೆ ಎಂಬುದನ್ನು ನಿಮ್ಮ ಪುಟದಲ್ಲಿ ಒಮ್ಮೆಯಾದರೂ ಬರೆದರೆ ಓದುಗರಿಗೆ ಪಂದ್ಯವೇ ಬೇರೆಯಾಗಿ ಕಂಡೀತು. ಮೊದಲು ಎದುರಾಳಿಗಳೇ ಇರುವುದಿಲ್ಲ. ನಾಲ್ವರು ಡಿಫೆಂಡರ್‌ಗಳು, ಅವರ ಮುಂದೆ ಅರ್ಧ ಮೈದಾನದಲ್ಲಿ ಅಲ್ಲಲ್ಲಿ ನಿಂತ ನಾಲ್ಕೈದು ಜನ ನಿಧಾನವಾಗಿ ಚೆಂಡು ಬದಲಾಯಿಸುತ್ತಿರುತ್ತಾರೆ. ಚೆಂಡು ಬಲಕ್ಕೆ ಹೋದರೆ ನಾಲ್ವರೂ ಬಲಕ್ಕೆ, ಒಬ್ಬರಿಂದೊಬ್ಬರಿಗೆ ಎಂಟು ಹತ್ತು ಮೀಟರ್. ಚೆಂಡಿನ ಮೇಲೆ ಒತ್ತಡ ಇದ್ದರೆ ಮೇಲೆ, ಚೆಂಡು ಹಿಡಿದವನು ತಲೆ ಎತ್ತಿ ಆರಾಮಾಗಿ ನಿಂತಿದ್ದರೆ ಕೆಳಗೆ. ಹತ್ತು ನಿಮಿಷ ಇದು. ಆಮೇಲೆ ಮೂವರು ಫಾರ್ವರ್ಡ್‌ಗಳನ್ನು ಬಿಟ್ಟು ನಾಲ್ವರ ವಿರುದ್ಧ ಮೂವರ ಆಟ. ಅದು ಸರಿಹೋದ ಮೇಲೆ ಲೆಕ್ಕ ತಿರುಗಿಸಿ ನಾಲ್ವರ ಮೇಲೆ ಆರು ಜನ. ಕೊನೆಗೆ ಎಂಟೆಂಟು ಜನರ ಪಂದ್ಯ. ನಾಲ್ಕು ನಿಮಿಷದ ನಾಲ್ಕು ಸುತ್ತು, ನಡುವೆ ಒಂದೂವರೆ ಎರಡು ನಿಮಿಷ ವಿಶ್ರಾಂತಿ ಸಾಕು. ಅದಕ್ಕಿಂತ ಎಳೆದರೆ ಗಮನ ಸಡಿಲವಾಗಿ, ತಪ್ಪಾಗಿ ನಿಲ್ಲುವುದನ್ನೇ ರೂಢಿ ಮಾಡಿಸಿದಂತಾಗುತ್ತದೆ. ಸೀಟಿ ಊದಿ ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ ತಿದ್ದುವುದು ಒಂದು ಸುತ್ತಿಗೆ ಎರಡು ಸಲ ಆದರೆ ಹೆಚ್ಚು. ನಿಮಿಷಕ್ಕೊಮ್ಮೆ ನಿಲ್ಲಿಸಿದರೆ ಆಟದ ಓಟವೇ ಸತ್ತು, ಕಲಿಯಬೇಕಾದ ಸನ್ನಿವೇಶ ಹುಟ್ಟುವುದೇ ಇಲ್ಲ.

ಇಂಥ ಅಭ್ಯಾಸದ ಫಲ ಏನೆಂಬುದಕ್ಕೆ ಇಟಲಿಯ ಎ.ಸಿ. ಮಿಲಾನ್‌ಗಿಂತ ಒಳ್ಳೆಯ ಸಾಕ್ಷಿ ಸಿಗದು. ಅದರ ಕೋಚ್ ಆರಿಗೊ ಸಾಕಿ ವೃತ್ತಿಪರ ಆಟಗಾರರಾಗಿದ್ದವರಲ್ಲ. ಆದರೂ 1980ರ ದಶಕದ ಕೊನೆಯಲ್ಲಿ ಅಲ್ಲಿಯ ಹಿಂದಿನ ಸಾಲನ್ನು ಚೆಂಡೇ ಇಲ್ಲದೆ ಓಡಿಸಿ ಕಟ್ಟಿದವರು ಅವರು. ಅವರ ನಂತರ ಫ್ಯಾಬಿಯೊ ಕಪೆಲೊ ಕೋಚ್ ಆಗಿ ಬಂದರು. 1993-94ರ ಲೀಗ್‌ನಲ್ಲಿ ಆ ತಂಡ 34 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 15 ಗೋಲು. ಆ ವರ್ಷದ ಮೇ 18ರಂದು ಅಥೆನ್ಸ್‌ನಲ್ಲಿ ಬಾರ್ಸಿಲೋನಾ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್. ನಿಷೇಧದಿಂದಾಗಿ ಫ್ರಾಂಕೊ ಬರೇಸಿಯೂ ಇಲ್ಲ, ಕೊಸ್ತಾಕುರ್ತಾನೂ ಇಲ್ಲ. ಇಬ್ಬರೂ ನಡುವಿನ ಡಿಫೆಂಡರ್‌ಗಳು. ಪಾವ್ಲೊ ಮಾಲ್ದಿನಿಯನ್ನು ಎಡಬದಿಯಿಂದ ನಡುವಿಗೆ ತಂದು ಫಿಲಿಪ್ಪೊ ಗಾಲಿಯ ಜೊತೆ ನಿಲ್ಲಿಸಿದರು. ಫಲಿತಾಂಶ 4-0, ಗೆದ್ದದ್ದು ಮಿಲಾನ್. ಸಾಲು ಎಂಬುದು ವ್ಯಕ್ತಿಗಳ ಪ್ರತಿಭೆಗಿಂತ ಹೆಚ್ಚಾಗಿ ಕಲಿಸಬಹುದಾದ, ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಬಹುದಾದ ವಿದ್ಯೆ ಎಂಬುದಕ್ಕೆ ಆ ರಾತ್ರಿಯೇ ಪುರಾವೆ.

ಆ ಮೈದಾನದಲ್ಲಿದ್ದ ಡಿಫೆಂಡರ್‌ಗಳು ಮುಂದೆ ಏನಾದರು ಎಂಬುದನ್ನೂ ನೋಡಬೇಕು. ನಾಯಕನಾಗಿದ್ದ ಮೌರೊ ತಸ್ಸೋತ್ತಿ 2001ರಿಂದ ಹಲವು ವರ್ಷ ಮಿಲಾನ್‌ನ ಸಹಾಯಕ ಕೋಚ್ ಆಗಿದ್ದರು, ಮುಖ್ಯ ಕೋಚ್‌ಗಳು ಬದಲಾದರೂ ಅವರು ಉಳಿದರು. ಗಾಲಿ ಅದೇ ಕ್ಲಬ್ಬಿನ ಕಿರಿಯರ ವಿಭಾಗ ನೋಡಿಕೊಂಡರು. ಎದುರು ತಂಡದಲ್ಲಿ ಆಡಿ ನಾಲ್ಕು ಗೋಲಿನಿಂದ ಸೋತ ಕೂಮನ್ ಮುಂದೆ ಅಯಾಕ್ಸ್, ಪಿ.ಎಸ್.ವಿ. ಎರಡನ್ನೂ ನೆದರ್ಲೆಂಡ್ಸ್ ಚಾಂಪಿಯನ್ ಮಾಡಿ, ಬಾರ್ಸಿಲೋನಾಕ್ಕೇ ಕೋಚ್ ಆದರು. ಸುದ್ದಿಗೆ ಬರುವುದು ಕೂಮನ್ ಒಬ್ಬರೇ. ಆದರೆ ಡಿಫೆಂಡರ್‌ನ ಎರಡನೆಯ ವೃತ್ತಿ ಎಂದರೆ ತಸ್ಸೋತ್ತಿಯದೂ ಹೌದು, ಗಾಲಿಯದೂ ಹೌದು. ಸಹಾಯಕ ಕೋಚ್ ಹುದ್ದೆಯನ್ನು ಕಾಯುವ ಕೊಠಡಿಯಂತೆ ಬರೆಯುವುದು ಆ ಕೆಲಸಕ್ಕೆ ಮಾಡುವ ಅನ್ಯಾಯ.

ನಡುವಿನ ವರ್ಷಗಳ ಮೆಟ್ಟಿಲು ಯುರೋಪಿನಲ್ಲಿ ಹೀಗಿದೆ. ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್ಎ ಕೊಡುವ ‘ಬಿ’ ಲೈಸೆನ್ಸ್, ಆಮೇಲೆ ‘ಎ’, ಕೊನೆಗೆ ‘ಪ್ರೊ’. ಮೊದಲ ದರ್ಜೆಯ ಲೀಗ್‌ನಲ್ಲಿ ಮುಖ್ಯ ಕೋಚ್ ಆಗಲು ‘ಪ್ರೊ’ ಬೇಕು. ಜಾಣ ಆಟಗಾರ ಕೊನೆಯ ಎರಡು ಮೂರು ವರ್ಷ ಆಡುತ್ತಿರುವಾಗಲೇ ಮೊದಲ ಮೆಟ್ಟಿಲು ಹತ್ತಿರುತ್ತಾನೆ. ನಂತರ ಹದಿನೇಳು, ಹತ್ತೊಂಬತ್ತು ವರ್ಷದೊಳಗಿನವರ ತಂಡದಲ್ಲಿ ಎರಡು ಮೂರು ಸೀಸನ್. ಅಲ್ಲಿ ಸೋತರೆ ಪತ್ರಿಕೆಯಲ್ಲಿ ಬರುವುದಿಲ್ಲ, ತಪ್ಪು ಅಭ್ಯಾಸ ಮಾಡಿಸಿದರೆ ಎರಡು ವಾರದಲ್ಲಿ ಕಣ್ಣಿಗೆ ಕಾಣುತ್ತದೆ, ತಿದ್ದಿಕೊಳ್ಳಲು ಸಮಯ ಇರುತ್ತದೆ. ಫ್ರಾಂಜ್ ಬೆಕನ್‌ಬಾವರ್ ಲೈಸೆನ್ಸ್ ಇಲ್ಲದೆಯೇ 1984ರಲ್ಲಿ ಪಶ್ಚಿಮ ಜರ್ಮನಿಯ ಹೊಣೆ ಹೊತ್ತು, 1986ರಲ್ಲಿ ಫೈನಲ್ ತಲುಪಿಸಿ, 1990ರಲ್ಲಿ ವಿಶ್ವಕಪ್ಪನ್ನೇ ಗೆಲ್ಲಿಸಿದರಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆಟಗಾರನಾಗಿಯೂ ಕೋಚ್ ಆಗಿಯೂ ವಿಶ್ವಕಪ್ ಗೆದ್ದ ಮೂವರಲ್ಲಿ ಅವರೊಬ್ಬರೇ ಹಿಂದಿನ ಸಾಲಿನವರು. ಉಳಿದಿಬ್ಬರಲ್ಲಿ ಬ್ರೆಜಿಲ್‌ನ ಝಗಾಲೊ ವಿಂಗರ್ (ಬದಿಯಿಂದ ದಾಳಿ ಮಾಡುವವರು), ಫ್ರಾನ್ಸ್‌ನ ದೆಷಾಂ ಮಿಡ್‌ಫೀಲ್ಡರ್. ಆದರೆ ರಾಷ್ಟ್ರೀಯ ತಂಡಕ್ಕೆ ತರಬೇತಿಯ ದಿನಗಳೇ ಕಡಿಮೆ. ಕ್ಲಬ್ಬಿನ ಕೋಚ್ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಮೈದಾನದಲ್ಲಿ ಕಲಿಸಬೇಕು. ಅವರ ದಾರಿ ಎಲ್ಲರಿಗೂ ದಾರಿಯಾಗದು.

ಮೆಟ್ಟಿಲು ಹಾರಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ರೈಟ್ ಬ್ಯಾಕ್ ಆಗಿದ್ದ ಗ್ಯಾರಿ ನೆವಿಲ್ ಅದಕ್ಕೆ ಮುಂಚೆ ಯಾವ ತಂಡಕ್ಕೂ ಮುಖ್ಯ ಕೋಚ್ ಆಗಿರದೆ 2015ರ ಡಿಸೆಂಬರ್‌ನಲ್ಲಿ ಸ್ಪೇನ್‌ನ ವಲೆನ್ಸಿಯಾಕ್ಕೆ ಹೋದರು, ಮಾರ್ಚ್ ಮುಗಿಯುವ ಮುಂಚೆ ಹೊರಬಂದರು. ಆರ್ಸೆನಲ್‌ನ ನಾಯಕನಾಗಿದ್ದ ಟೋನಿ ಆಡಮ್ಸ್ 2017ರಲ್ಲಿ ಸೀಸನ್ ಕೊನೆಗೆ ಸ್ಪೇನ್‌ನದೇ ಗ್ರನಾಡಾದ ಹೊಣೆ ಹೊತ್ತು ಏಳಕ್ಕೆ ಏಳೂ ಪಂದ್ಯ ಸೋತರು. ಇಬ್ಬರ ಆಟದ ಅರಿವನ್ನೂ ಯಾರೂ ಪ್ರಶ್ನಿಸಲಾರರು. ಬೇರೆ ಭಾಷೆ, ಸೀಸನ್ನಿನ ನಡುವೆ ಸಿಕ್ಕ ತಂಡ, ತಮ್ಮ ಪದ್ಧತಿಯನ್ನು ಹೇಳಿಕೊಡಲು ಬೇಕಾದ ವಾರಗಳೇ ಇಲ್ಲದ ಸ್ಥಿತಿ. ಒಂದೇ ಪದದ ಕರೆಯಿಂದ ಸಾಲು ನಡೆಸಿದವರಿಗೆ, ಆ ಒಂದು ಪದವೇ ಇಲ್ಲದ ಊರಿನಲ್ಲಿ ಕೆಲಸ ಎಷ್ಟು ಕಷ್ಟ ಎಂಬುದನ್ನು ಯೋಚಿಸಬೇಕು.

ಕೊಂಪನಿಯ ದಾರಿ ಹೆಚ್ಚು ಕಲಿಸುತ್ತದೆ. 2019ರಲ್ಲಿ ಮ್ಯಾಂಚೆಸ್ಟರ್ ಸಿಟಿ ಬಿಟ್ಟು ಬೆಲ್ಜಿಯಂನ ಆಂಡರ್‌ಲೆಕ್ಟ್‌ಗೆ ಆಟಗಾರ-ಕೋಚ್ ಆಗಿ ಹೋದರು. ಆರಂಭದಲ್ಲೇ ಗೆಲುವು ಸಿಗದಿದ್ದಾಗ ಪಂದ್ಯದ ದಿನದ ನಿರ್ಧಾರಗಳನ್ನು ಸಹಾಯಕನಿಗೆ ಬಿಟ್ಟು ತಾವು ಆಟದ ಮೇಲೆ ಗಮನ ಇಟ್ಟರು. ಸಾಲಿನಲ್ಲಿ ನಿಂತವನಿಗೆ ಬದಲಿ ಆಟಗಾರನ ಲೆಕ್ಕ ಹಾಕಲು ಪುರುಸೊತ್ತೆಲ್ಲಿ? 2020ರಲ್ಲಿ ಆಟ ನಿಲ್ಲಿಸಿ ಪೂರ್ಣ ಕೋಚ್ ಆದರು. 2022-23ರಲ್ಲಿ ಅವರ ಕೈಕೆಳಗೆ ಬರ್ನ್ಲಿ ಇಂಗ್ಲೆಂಡ್‌ನ ಎರಡನೆಯ ದರ್ಜೆಯ ಲೀಗನ್ನು 101 ಅಂಕಗಳಿಂದ ಗೆದ್ದಿತು. ಮರುವರ್ಷ ಪ್ರೀಮಿಯರ್ ಲೀಗ್‌ನಲ್ಲಿ 24 ಅಂಕ ಗಳಿಸಿ ಕೆಳಗಿಳಿಯಿತು. ಕಾರಣವೂ ಆಟದೊಳಗೇ ಇತ್ತು. ತಂಡ ಹಿಂದಿನಿಂದ ಸಣ್ಣ ಪಾಸ್‌ಗಳಲ್ಲಿ ಚೆಂಡು ಕಟ್ಟಿಕೊಂಡು ಬರುತ್ತಿತ್ತು. ಮೇಲಿನ ಲೀಗ್‌ನಲ್ಲಿ ಎದುರಾಳಿ ಫಾರ್ವರ್ಡ್ ಅರ್ಧ ಸೆಕೆಂಡ್ ಬೇಗ ಬರುತ್ತಾನೆ, ತಪ್ಪಿದ ಪಾಸ್ ನೇರ ಗೋಲಿನ ಮುಂದೆಯೇ ಬೀಳುತ್ತದೆ. ಅಷ್ಟಾದರೂ 2024ರಲ್ಲಿ ಬಯರ್ನ್ ಅವರನ್ನು ಕರೆಯಿತು, 2025ರಲ್ಲಿ ಬುಂಡೆಸ್ಲಿಗಾ ಗೆದ್ದಿತು. ಅಂಕಪಟ್ಟಿ ನೋಡಿದವರಿಗೆ ಇದು ಒಗಟು. ಪದ್ಧತಿ ನೋಡಿದವರಿಗೆ ಅಲ್ಲ.

ಹಳೆಯದರಲ್ಲಿ ಬಿಡಬೇಕಾದದ್ದರ ಮಾತು. ಡಿಫೆಂಡರ್ ಕಲಿತ ಆಟದ ನಿಯಮಗಳೇ ಬದಲಾಗಿರುತ್ತವೆ. 1992ರವರೆಗೆ ಒತ್ತಡ ಬಂದಾಗ ಗೋಲ್‌ಕೀಪರ್‌ಗೆ ಹಿಂದಕ್ಕೆ ಕೊಟ್ಟರೆ ಅವನು ಕೈಯಲ್ಲಿ ಎತ್ತಿಕೊಳ್ಳುತ್ತಿದ್ದ. ಆ ವರ್ಷ ಅದು ನಿಂತಿತು. ಅಂದಿನಿಂದ ಡಿಫೆಂಡರ್‌ಗೆ ಪಾಸ್ ಕೊಡಲು ಬಾರದಿದ್ದರೆ ಕೆಲಸವಿಲ್ಲ. 1998ರಲ್ಲಿ ಹಿಂದಿನಿಂದ ಮಾಡುವ ಅಪಾಯಕಾರಿ ಟ್ಯಾಕಲ್‌ಗೆ ಕೆಂಪು ಕಾರ್ಡ್ ಎಂದಾಯಿತು. 2019ರಲ್ಲಿ ಗೋಲ್‌ಕಿಕ್ ಪೆನಾಲ್ಟಿ ಏರಿಯಾದಿಂದ ಹೊರಗೆ ಹೋಗಲೇಬೇಕೆಂಬ ಕಟ್ಟಳೆ ಹೋಯಿತು. ಈಗ ಸೆಂಟರ್ ಬ್ಯಾಕ್ ಗೋಲಿನ ಪಕ್ಕದಲ್ಲೇ ನಿಂತು ಚೆಂಡು ಪಡೆಯುತ್ತಾನೆ. ತಾನು ಹೇಗೆ ಆಡಿದೆನೋ ಹಾಗೆಯೇ ಕಲಿಸುತ್ತೇನೆ ಎಂದು ಹೊರಟವನು ಇಲ್ಲದ ಆಟವನ್ನು ಕಲಿಸುತ್ತಿರುತ್ತಾನೆ. ಹೆಡರ್ ಅಭ್ಯಾಸವೂ ಹಾಗೆಯೇ. ಅರ್ಧ ಗಂಟೆ ಒಂದೇ ಸಮ ಬದಿಯಿಂದ ಕ್ರಾಸ್ ಹಾಕಿಸಿ ತಲೆಯಿಂದ ಹೊಡೆಸುವ ಕಾಲ ಹೋಯಿತು. ಸ್ಕಾಟ್ಲೆಂಡ್‌ನ ಮಾಜಿ ವೃತ್ತಿಪರ ಆಟಗಾರರ ಬಗ್ಗೆ ಗ್ಲಾಸ್ಗೋ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿದುಳಿನ ನರಕೋಶ ನಶಿಸುವ ಕಾಯಿಲೆಗಳ ಅಪಾಯ ಡಿಫೆಂಡರ್‌ಗಳಲ್ಲಿ ಸಾಮಾನ್ಯ ಜನರಿಗಿಂತ ಸುಮಾರು ಐದು ಪಟ್ಟು ಕಂಡಿತು. ಗೋಲ್‌ಕೀಪರ್‌ಗಳಲ್ಲಿ ಗಣನೀಯ ಹೆಚ್ಚಳ ಕಾಣಲಿಲ್ಲ. ಅದೇ ವರ್ಷ ಇಂಗ್ಲೆಂಡ್‌ನ ಫುಟ್‌ಬಾಲ್ ಆಡಳಿತ, ಜೋರಾದ ಹೆಡರ್ ತರಬೇತಿಯಲ್ಲಿ ವಾರಕ್ಕೆ ಹತ್ತಕ್ಕಿಂತ ಹೆಚ್ಚು ಬೇಡ ಎಂದಿತು. 35 ಮೀಟರ್‌ಗಿಂತ ಉದ್ದದ ಪಾಸ್, ಕ್ರಾಸ್, ಕಾರ್ನರ್, ಫ್ರೀಕಿಕ್ ಎಲ್ಲ ಆ ಲೆಕ್ಕಕ್ಕೆ ಸೇರುತ್ತವೆ. ಹತ್ತೇ ಇರುವಾಗ ಅವನ್ನು ಎಲ್ಲಿ ಖರ್ಚು ಮಾಡುವುದು? ನೆಗೆಯುವ ಸಮಯ, ಕಾಲಿನ ಜೋಡಣೆ, ಎದುರಾಳಿಯನ್ನು ಮೈಯಿಂದ ತಡೆಯುವುದು, ಇವೆಲ್ಲ ಕೈಯಿಂದ ಎಸೆದ ಹಗುರ ಚೆಂಡಿನಲ್ಲೇ ಕಲಿಸಬಹುದು. ನಿಜವಾದ ಹೊಡೆತಗಳನ್ನು ಕಾರ್ನರ್ ಅಭ್ಯಾಸಕ್ಕೆ ಉಳಿಸಿಕೊಳ್ಳುವುದು ಸರಿ. ಹಿಂದಿನ ಸಾಲಿನಿಂದ ಬಂದ ಕೋಚ್‌ಗೆ ಈ ಎಚ್ಚರ ಎಲ್ಲರಿಗಿಂತ ಹೆಚ್ಚು ಇರಬೇಕು. ಇದು ಆಟದ ಮಾತು ಮಾತ್ರ ಅಲ್ಲ, ಆ ಹುಡುಗರ ಅರುವತ್ತು ಎಪ್ಪತ್ತರ ವಯಸ್ಸಿನ ಮಾತು.

ಇನ್ನೊಂದು ಬಿಡಬೇಕಾದದ್ದು ಮನಸ್ಸಿನ ರೂಢಿ. ಡಿಫೆಂಡರ್ ತಪ್ಪು ಮಾಡದಿರುವುದನ್ನು ಕಲಿತವನು. ಎಂಬತ್ತೊಂಬತ್ತು ನಿಮಿಷ ಸರಿಯಾಗಿ ಆಡಿ ಒಂದು ಸಲ ಜಾರಿದರೆ ಅದೇ ಸುದ್ದಿ. ಈ ಅಳತೆಗೋಲನ್ನು ವಿಂಗರ್ ಮೇಲೆ ಇಟ್ಟರೆ ಆತ ಸತ್ತಂತೆಯೇ. ಎದುರಾಳಿಯನ್ನು ದಾಟಲು ಹೋಗಿ ಚೆಂಡು ಕಳೆದುಕೊಳ್ಳುವುದು ವಿಂಗರ್‌ನ ಕೆಲಸದ ಭಾಗ. ಹತ್ತು ಸಲ ಪ್ರಯತ್ನಿಸಿ ಎರಡು ಸಲ ದಾಟಿದರೂ ಪಂದ್ಯ ತಿರುಗಬಹುದು. ಪ್ರತಿ ಸಲ ಚೆಂಡು ಹೋದಾಗಲೂ ಟಚ್‌ಲೈನ್‌ನಿಂದ ಬೈಗುಳ ಬಂದರೆ ಹನ್ನೊಂದನೆಯ ಸಲ ಆತ ಹಿಂದಕ್ಕೆ ಪಾಸ್ ಕೊಡುತ್ತಾನೆ. ಒಳ್ಳೆಯ ಕೋಚ್ ಇಲ್ಲಿ ಜಾಣತನ ಮಾಡುತ್ತಾನೆ. ಚೆಂಡು ಕಳೆದುಕೊಳ್ಳಬೇಡ ಎನ್ನುವ ಬದಲು, ಕಳೆದರೆ ಏನಾಗಬೇಕು ಎಂಬುದನ್ನು ಮೊದಲೇ ಕಟ್ಟಿಡುತ್ತಾನೆ. ತಂಡ ದಾಳಿಯಲ್ಲಿರುವಾಗಲೇ ಹಿಂದೆ ಮೂವರು, ಅವರ ಮುಂದೆ ಇಬ್ಬರು ನಿಂತು ಎದುರಾಳಿ ಸ್ಟ್ರೈಕರ್‌ನನ್ನು ಮೈಗೆ ಅಂಟಿಕೊಂಡೇ ಕಾಯುತ್ತಿರುತ್ತಾರೆ. ಚೆಂಡು ಹೋದ ತಕ್ಷಣ ಮೊದಲ ಪಾಸ್‌ನಲ್ಲೇ ಕಿತ್ತುಕೊಳ್ಳಬೇಕು ಎಂಬ ಲೆಕ್ಕ. ಇದನ್ನು ಮಾಜಿ ಡಿಫೆಂಡರ್‌ನಷ್ಟು ಚೆನ್ನಾಗಿ ಕಲಿಸುವವರು ಕಡಿಮೆ. ಮುಂದಿನವರ ಧೈರ್ಯಕ್ಕೆ ಹಿಂದಿನವರು ಜಾಮೀನು ನಿಂತಂತೆ.

ಮುನ್ನಡೆ ಸಿಕ್ಕ ಮೇಲೆ ಮಾಡುವ ತಪ್ಪನ್ನು ವಿಶೇಷವಾಗಿ ಹೇಳಲೇಬೇಕು. 1-0 ಇದೆ, ಎಪ್ಪತ್ತು ನಿಮಿಷ ಆಗಿದೆ. ಭಯಕ್ಕೆ ಸ್ಟ್ರೈಕರ್‌ನನ್ನು ತೆಗೆದು ಐದನೆಯ ಡಿಫೆಂಡರ್‌ನನ್ನು ಇಳಿಸುತ್ತಾರೆ. ಕಾಗದದ ಮೇಲೆ ರಕ್ಷಣೆ ಗಟ್ಟಿಯಾಯಿತು. ಮೈದಾನದಲ್ಲಿ ಆಗುವುದೇ ಬೇರೆ. ಎದುರಾಳಿಯ ಇಬ್ಬರು ಸೆಂಟರ್ ಬ್ಯಾಕ್‌ಗಳಿಗೆ ಕಾಯಲು ಯಾರೂ ಉಳಿಯಲಿಲ್ಲ, ಅವರೂ ಮುಂದೆ ಬರುತ್ತಾರೆ. ನಮ್ಮವರು ಹೊಡೆದು ಹೊರಹಾಕಿದ ಚೆಂಡನ್ನು ಹಿಡಿದು ನಿಲ್ಲಿಸುವವರು ಮುಂದೆ ಇಲ್ಲ, ಐದೇ ಸೆಕೆಂಡಿನಲ್ಲಿ ಮತ್ತೆ ವಾಪಸ್. ಚೆಂಡು ಹೊರಗೆ ಹೋದಾಗ ಐದು ಹತ್ತು ಮೀಟರ್ ಮೇಲೆ ಬರಬೇಕಿದ್ದ ಸಾಲು ಉಸಿರು ತೆಗೆದುಕೊಳ್ಳಲೂ ಹೊತ್ತಿಲ್ಲದೆ ಪೆನಾಲ್ಟಿ ಏರಿಯಾದೊಳಗೆ ಮುದುಡುತ್ತದೆ. ಅಲ್ಲಿಂದ ಮುಂದೆ ಕ್ರಾಸ್ ಮೇಲೆ ಕ್ರಾಸ್, ಕಾರ್ನರ್ ಮೇಲೆ ಕಾರ್ನರ್. ಯಾರದೋ ಮೈಗೆ ತಾಗಿ ತಿರುಗಿದ ಚೆಂಡು ಒಳಗೆ ಹೋಗುತ್ತದೆ. ಮರುದಿನ ವರದಿ: ‘ದುರದೃಷ್ಟದ ಗೋಲು’. ಅದೃಷ್ಟದ ಪಾತ್ರ ಅಲ್ಲಿ ಕಡಿಮೆ, ಎಪ್ಪತ್ತನೆಯ ನಿಮಿಷದ ಬದಲಾವಣೆಯ ಪಾತ್ರವೇ ಹೆಚ್ಚು. ಬೇಕಿದ್ದದ್ದು ಓಡಬಲ್ಲ ಹೊಸ ಸ್ಟ್ರೈಕರ್. ಈಗಂತೂ ಐದು ಬದಲಾವಣೆಗೆ ಅವಕಾಶವಿದೆ.

ಕಾರ್ನರ್ ವಿಷಯ ಒಂದೇ ಮಾತಿನಲ್ಲಿ: ಜಾಗ ಕಾಯುವ ಪದ್ಧತಿಯಲ್ಲಿ ಗೋಲಿನಿಂದ 5.5 ಮೀಟರ್‌ನ ಪೆಟ್ಟಿಗೆಯ ಅಂಚಿನಲ್ಲಿ ನಿಂತವರು ನಿಂತಲ್ಲಿಂದ ನೆಗೆಯಬೇಕು, ಎದುರಾಳಿ ಓಡಿ ಬಂದು ನೆಗೆಯುತ್ತಾನೆ. ಆ ಓಟವನ್ನು ಅಡ್ಡ ನಿಂತು ಮುರಿಯುವ ಇಬ್ಬರು ಮೂವರು ಇಲ್ಲದಿದ್ದರೆ ಎಷ್ಟು ಎತ್ತರದವರನ್ನು ನಿಲ್ಲಿಸಿದರೂ ಪ್ರಯೋಜನವಿಲ್ಲ.

ಸಂಪಾದಕರೆ, ಪತ್ರ ಉದ್ದವಾಯಿತು. ಕೇಳುತ್ತಿರುವುದು ಇಷ್ಟೇ. ಮುಂದಿನ ಸಲ ಮಾಜಿ ಡಿಫೆಂಡರ್ ಒಬ್ಬರು ಕೋಚ್ ಆದ ಸುದ್ದಿ ಬಂದಾಗ, ಕಪ್‌ಗಳ ಪಟ್ಟಿಯ ಕೆಳಗೆ ಎರಡು ಸಾಲು ಜಾಗ ಬಿಡಿ. ಕಿರಿಯರ ತಂಡದಲ್ಲಿ ಎಷ್ಟು ವರ್ಷ ಇದ್ದರು, ಯಾರ ಕೈಕೆಳಗೆ ಸಹಾಯಕರಾಗಿದ್ದರು, ದಾಳಿಯ ಅಭ್ಯಾಸ ನೋಡಿಕೊಳ್ಳಲು ಯಾರನ್ನು ಜೊತೆಗೆ ಕರೆತಂದಿದ್ದಾರೆ ಎಂಬುದನ್ನು ಬರೆಯಿರಿ. ಪಂದ್ಯದ ವರದಿಯಲ್ಲಿ ಗೋಲು ಹೊಡೆದವನ ಚಿತ್ರದ ಜೊತೆಗೆ, ಆ ಪಾಸ್ ಹೊರಟ ಗಳಿಗೆಯಲ್ಲಿ ಹಿಂದಿನ ನಾಲ್ವರು ಎಲ್ಲಿ ನಿಂತಿದ್ದರು ಎಂದು ತೋರಿಸುವ ಒಂದು ಸಣ್ಣ ರೇಖಾಚಿತ್ರ ಹಾಕಿ. ನಾಲ್ಕು ಚುಕ್ಕೆ, ಒಂದು ಬಾಣ ಸಾಕು. ಮೂರು ಚುಕ್ಕೆ ಒಂದೇ ಗೆರೆಯಲ್ಲಿದ್ದು ನಾಲ್ಕನೆಯದು ಎರಡು ಮೀಟರ್ ಹಿಂದಿದ್ದರೆ, ಆ ಕೋಚ್ ಮಂಗಳವಾರದ ತರಬೇತಿಯಲ್ಲಿ ಏನು ಮಾಡಿಸುತ್ತಾರೆ ಎಂಬುದು ನಿಮ್ಮ ಓದುಗರಿಗೇ ಗೊತ್ತಾಗುತ್ತದೆ.

ಇತಿ,
ನಿಮ್ಮ ಕ್ರೀಡಾಪುಟದ ಓದುಗ